ಏಳನೇ ನಂಬರಿನಲ್ಲಿ 'ಹಿಡಿ' ಅಂದರೆ

"ನನ್ನ ಅಣ್ಣನ್ನ ಸಾಯೋಕೆ ಬಿಟ್ಟೋನು ನೀನೇ ಅಲ್ವಾ?"

ಸುದ್ದಿ ಹೆಲಿಕಾಪ್ಟರ್ ಹತ್ತಿದ ಮೊದಲ ದಿನ ಪೈಲಟ್ ಟೋಬಿನ್‌ಗೆ ಇನೆಜ್ ಆಡಿದ ಮೊದಲ ಮಾತೇ ಇದು!

ಅವನು ತಲೆ ತಗ್ಗಿಸಿದ. "ಬೆಲ್ಟ್ ಹಾಕ್ಕೊಳ್ಳಿ ಮೇಡಂ," ಅಂದ, ಅಷ್ಟೇ.

2091ರ ಕಾಲ್ಡರ್ ಬೇ ಊರಲ್ಲಿ ಕಂಪನಿಗಳ ಸೈನ್ಯಗಳು ದಿನಾ ಬೀದಿಯಲ್ಲೇ ಬಡಿದಾಡುತ್ತಿದ್ದವು. ಅದನ್ನು ಮೇಲಿಂದ ಜನರಿಗೆ ತೋರಿಸುವುದು ಈ ಏಳನೇ ನಂಬರ್ ಹೆಲಿಕಾಪ್ಟರಿನ ಕೆಲಸ. ಇನೆಜ್‌ಳ ಅಣ್ಣ ರಫಾ ಇದರಲ್ಲೇ ಕ್ಯಾಮೆರಾದವನಾಗಿದ್ದ. ಹೋದ ವರ್ಷ ಬೆಲ್ಟ್ ಹರಿದು, ಬಾಗಿಲಲ್ಲಿ ನೇತಾಡುತ್ತಾ "ಹಿಡಿ! ಹಿಡಿ!" ಅಂತ ಕೂಗಿದ್ದು ರೆಕಾರ್ಡಿನಲ್ಲಿದೆ. ಟೋಬಿನ್ ಕೈ ಚಾಚಲೇ ಇಲ್ಲ. ರಫಾ ಬಿದ್ದು ಸತ್ತ; ಈಗ ಅವನ ಕ್ಯಾಮೆರಾ ಕೆಲಸಕ್ಕೆ ಅವಳೇ ಬಂದಿದ್ದಳು.

ಕಲ್ಲು ಮನಸ್ಸಿನವನು! ಮೂರು ತಿಂಗಳು ಕೆಲಸದ ಮಾತು ಬಿಟ್ಟು ಇನ್ನೊಂದನ್ನು ಅವಳು ಅವನ ಹತ್ತಿರ ಆಡಲಿಲ್ಲ. ಅವನೋ, ದಿನಾ ಅವಳ ಬೆಲ್ಟನ್ನು ಮೂರು ಸಲ ಎಳೆದು ನೋಡುತ್ತಿದ್ದ. ಅದಕ್ಕೂ ಅವಳಿಗೆ ಉರಿ. ರಜೆಯ ದಿನ ಆ ಕೈಗಳು ನೆನಪಾದರೆ ಇನ್ನೂ ಉರಿ!

ಒಂದು ಮಧ್ಯಾಹ್ನ ಬಂದರು ಹೊತ್ತಿ ಉರಿಯುತ್ತಿತ್ತು. ಕೆಳಗಿನಿಂದ ಗುಂಡು ತಗುಲಿ ಇಂಧನ ಸೋರತೊಡಗಿತು. ಇಳಿಯಲು ಜಾಗ ಕೊಡಿ ಅಂತ ಟೋಬಿನ್ ಮೂರು ಕಂಪನಿಗಳ ಗೋಪುರಗಳನ್ನು ಬೇಡಿದ.

"ಸದಸ್ಯರಿಗೆ ಮಾತ್ರ," ಅಂದವು ಮೂರೂ.

ನಾಲ್ಕನೆಯದನ್ನು ಕೇಳಿದರೆ ಅದು ಗುಂಡಿನಲ್ಲೇ ಉತ್ತರ ಕೊಟ್ಟಿತು. ಇನೆಜ್‌ಳ ಬೆಲ್ಟ್ ತುಂಡಾಯಿತು. ಅವಳು ಬಾಗಿಲಿಗೆ ಜಾರಿದಳು.

"ಟೋಬಿನ್, ಹಿಡಿ!"

ಹೆಲಿಕಾಪ್ಟರ್ ಆಕಾಶದಲ್ಲಿ ಗಕ್ಕನೆ ನಿಂತಿತು!

ಅವನು ಎರಡೂ ಕೈಯಲ್ಲಿ ಹಿಡಿಕೆಗಳನ್ನು ಬಿಗಿಹಿಡಿದು ನೇರ ಮುಂದೆ ನೋಡುತ್ತಿದ್ದ. ಅಯ್ಯೋ... ಕ್ಯಾಮೆರಾದವರು 'ಹಿಡಿ' ಅಂದರೆ, ಚಿತ್ರ ಅಲುಗದಂತೆ ಹೆಲಿಕಾಪ್ಟರ್ ನಿಲ್ಲಿಸು ಅಂತ. ದಿನಕ್ಕೆ ನಲವತ್ತು ಸಲ ಅವಳೇ ಹೇಳುವ ಮಾತು! ಅಣ್ಣನ ವಿಷಯದಲ್ಲಿ ಮಾತ್ರ ಅದು ಅವಳಿಗೆ ಹೊಳೆದಿರಲಿಲ್ಲ.

ಸೀಟಿನ ಕಾಲು ಹಿಡಿದು ಹೇಗೋ ಒಳಗೆ ತೆವಳಿದಳು.

"ನಾನು ಕೇಳಿದ್ದು ನಿನ್ನ ಕೈ ಕಣೋ..."

ಅವನು ತಿರುಗಿ ನೋಡಿದ. "ನಾನು... ಮತ್ತೆ ಅದೇ ಮಾಡಿದ್ನಾ?"

"ಅಣ್ಣ ಕೂಗಿದಾಗಲೂ ಹೀಗೇನಾ?"

"ಶಾಟ್ ತಗೋತಿದಾನೆ ಅಂದ್ಕೊಂಡೆ ಇನೆಜ್. ತಿರುಗಿದಾಗ ಸೀಟು ಖಾಲಿ ಇತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವನು ವಾಪಸ್ ಬರ್ತಿದ್ನಾ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಇಂಧನದ ಮುಳ್ಳು ಸೊನ್ನೆಗೆ ಬಂದಿತ್ತು. ಇನ್ನುಳಿದಿದ್ದು ಸಮುದ್ರ ಒಂದೇ. ಈ ಕಾದಾಟದ ನಡುವೆ ಅಲ್ಲಿಗೆ ಯಾವ ದೋಣಿಯೂ ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

ಇನೆಜ್ ಕ್ಯಾಮೆರಾ ಆರಿಸಿ, ಮುಂದೆ ಬಂದು ಅವನ ಪಕ್ಕ ಕೂತಳು.

"ನೀನಂದ್ರೆ ನಂಗಿಷ್ಟ. ಬೈಕೊಂಡು ಬೈಕೊಂಡೇ ಇಷ್ಟ ಆಗ್ಬಿಟ್ಟೆ."

"ನಂಗೆ ಮೊದಲ ದಿನಾನೇ..."

ಎಂಜಿನ್ ಕೆಮ್ಮಿ ಸುಮ್ಮನಾಯಿತು. ಹೆಲಿಕಾಪ್ಟರ್ ಕೆಳಗಿಳಿಯತೊಡಗಿತು.

"ಈಜು ಬರುತ್ತಾ ನಿಂಗೆ?" ಅಂದ ಟೋಬಿನ್.

"ಇಲ್ಲ. ನಿಂಗೆ?"

"ನಂಗೂ ಇಲ್ಲ."

"ಮೊದಲೇ ಹೇಳ್ಬಾರ್ದಿತ್ತಾ ಮಹಾರಾಯ!"

"ನೀನು ನನ್ನ ಹತ್ರ ಮಾತೇ ಆಡ್ತಿರ್ಲಿಲ್ವಲ್ಲ..."

ಅಳುವಿನಲ್ಲೇ ಅವಳಿಗೆ ನಗು ಬಂತು. ಅವನ ಭುಜಕ್ಕೆ ತಲೆಯಾನಿಸಿದಳು.

"ಈಗ ಆಡ್ತೀನಿ. ನೀರು ಬರೋವರೆಗೂ ಆಡ್ತೀನಿ."