ಶೀಫರ್‌ಟಾಲ್‌ನ ಕೊನೆ ಗಾಡಿ

೧೯೭೭ರ ಮೇ ೨೧, ಶನಿವಾರ, ಬೆಳಿಗ್ಗೆ ಎಂಟೂವರೆಗೆ ಶೀಫರ್‌ಟಾಲ್ ಪೊಲೀಸ್ ಠಾಣೆಯ ಫೋನು ಬಡಿದುಕೊಂಡಿತು. ಮಾತಾಡಿದವರು ಸ್ಟೇಷನ್ ಮಾಸ್ಟರ್ ಡೀಲ್. ಊರಿನಿಂದ ಕೂಗಳತೆ ದೂರದಲ್ಲಿ ಯಾರೋ ಹಳಿ ಬಿಚ್ಚಿದ್ದಾರೆ, ಜಿಲ್ಲಾ ಪಟ್ಟಣದಿಂದ ಬರುತ್ತಿದ್ದ ಖಾಲಿ ಗಾಡಿ ಅಡ್ಡ ಇಟ್ಟ ಕೆಂಪು ಫಲಕ ಕಂಡು ನಿಂತಿದೆ, ಯಾರಿಗೂ ಪೆಟ್ಟಾಗಿಲ್ಲ. ಇನ್‌ಸ್ಪೆಕ್ಟರ್ ಟೀಮೆ ಪ್ರಥಮ ವರದಿ ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಲೋಬೆಯನ್ನು ಕರೆದುಕೊಂಡು ಹೊರಟ.

ಅದು ಸಾಮಾನ್ಯ ದಿನವಾಗಿರಲಿಲ್ಲ. ಕಲ್ಲುಗಣಿಯ ಸ್ಲೇಟು ಸಾಗಿಸಲೆಂದು ಅಜ್ಜಂದಿರ ಕಾಲದಲ್ಲಿ ಹಾಕಿದ ಹಳಿ ಅದು. ಗಣಿ ಮುಚ್ಚಿತು, ಊರಿನವರೆಲ್ಲ ಕಾರು ಕೊಂಡರು, ನಷ್ಟದ ಮಾರ್ಗವನ್ನು ನಿಲ್ಲಿಸುವುದೆಂದು ರೈಲ್ವೆ ತೀರ್ಮಾನಿಸಿತು. ಹನ್ನೊಂದು ಗಂಟೆಗೆ ಬೀಳ್ಕೊಡುಗೆಯ ವಿಶೇಷ ಗಾಡಿ ಹೊರಡಬೇಕಿತ್ತು. ಎಂಜಿನ್ನಿಗೆ ಹಾಕಲು ಫರ್ ಮರದ ಸೊಪ್ಪಿನ ಹಾರ, ಅಗ್ನಿಶಾಮಕ ದಳದ ಬ್ಯಾಂಡು, ಮೇಯರ್ ಭಾಷಣ, ಬಿಯರ್ ಪೀಪಾಯಿ, ಎಲ್ಲ ಸಿದ್ಧವಾಗಿತ್ತು. ಪ್ಲಾಟ್‌ಫಾರಂನಲ್ಲಿ ಆಗಲೇ ಜಾತ್ರೆಯಂತೆ ಜನ.

ಟೀಮೆ ಸ್ಥಳ ಮಹಜರು ಮಾಡಿದ. ಎರಡು ಹಳಿಗಳನ್ನು ಜೋಡಿಸುವ ಕಬ್ಬಿಣದ ಪಟ್ಟಿಗಳನ್ನು ತೆಗೆದು, ಒಂದು ಹಳಿಯ ತುದಿಯನ್ನು ಸನ್ನೆಗೋಲಿನಿಂದ ಪಕ್ಕಕ್ಕೆ ಸರಿಸಲಾಗಿತ್ತು. ಕೆಲಸ ಅಚ್ಚುಕಟ್ಟು. ಪಟ್ಟಣದ ಕಡೆ, ಗಾಡಿ ನಿಲ್ಲಲು ಬೇಕಾದಷ್ಟು ದೂರದಲ್ಲಿ, ಕೆಂಪು ಫಲಕ ನೆಟ್ಟಿತ್ತು.

"ಆ ಉದ್ದ ಕೂದಲಿನ ಹುಡುಗರೇ ಸಾರ್," ಅಂದ ಲೋಬೆ. "ರೈಲು ನಿಲ್ಲಿಸಬೇಡಿ ಅಂತ ಊರೆಲ್ಲ ಪೋಸ್ಟರ್ ಅಂಟಿಸಿದ್ರಲ್ಲ."

ಹುಡುಗರು ಪ್ಲಾಟ್‌ಫಾರಂನಲ್ಲೇ ಸಿಕ್ಕರು. ರಾತ್ರಿಯಿಡೀ ಬೇಕರಿಯ ಹಿಂದೆ ಕೂತು ಹಾರ ಕಟ್ಟಿದವರು ಅವರೇ. ಬೇಕರಿಯವನು ಮುಖ ಸಿಂಡರಿಸಿಕೊಂಡು ಸಾಕ್ಷಿ ಹೇಳಿದ: "ಇಲ್ಲೇ ಇದ್ರು, ಶನಿಗಳು. ಒಂದು ಬುಟ್ಟಿ ಬ್ರೆಡ್ಡು ಖಾಲಿ ಮಾಡಿದ್ರು."

ಟೀಮೆ ಮತ್ತೆ ಹಳಿಯ ಬಳಿಗೆ ಹೋದ. ಈ ಸಲ ಬಿಚ್ಚಿದ ಜಾಗದಿಂದ ಸ್ಟೇಷನ್ ಕಡೆಗೆ ನಡೆದ. ತಿರುವಿನಲ್ಲಿ, ಪೊದೆಯ ಮರೆಯಲ್ಲಿ, ಇನ್ನೊಂದು ಕೆಂಪು ಫಲಕ ಸ್ಟೇಷನ್ನಿಗೆ ಮುಖ ಮಾಡಿ ನಿಂತಿತ್ತು. ಅವನು ಡೀಲ್‌ರನ್ನು ಕರೆಸಿದ.

"ಈ ಕಡೆಯಿಂದ ಯಾವ ಗಾಡಿ ಬರಬೇಕಿತ್ತು?"

"ಯಾವುದೂ ಇಲ್ಲ. ಮಾರ್ಗ ನಮ್ಮಲ್ಲೇ ಮುಗಿಯುತ್ತೆ. ನಿನ್ನೆ ಸಂಜೆ ಬಂದ ಗಾಡಿ ಖಾಲಿ ವಾಪಸ್ ಹೋಯ್ತು. ಸ್ಟೇಷನ್ನಲ್ಲಿ ಒಂದು ತಳ್ಳುಗಾಡಿನೂ ಇರಲಿಲ್ಲ."

"ಮತ್ತೆ ಫಲಕ ಯಾಕೆ?"

"ನಿಯಮ ಇದೆ. ಹಳಿ ಬಿಚ್ಚಿದ್ರೆ ಎರಡೂ ಕಡೆ..." ಡೀಲ್ ಅಲ್ಲಿಗೇ ನಿಲ್ಲಿಸಿದರು. ಆ ನಿಯಮ ರೈಲ್ವೆಯವರಿಗೆ ಮಾತ್ರ ಗೊತ್ತೆಂಬುದು ಆಗ ಅವರಿಗೆ ಹೊಳೆಯಿತು.

"ಸ್ಟೇಷನ್ನಲ್ಲಿ ಫಲಕ ಇಡೋ ಕೊಠಡಿ ನೋಡಿ ಬಂದೆ, ಬೀಗ ಮುರಿದಿಲ್ಲ. ಕೀಲಿ ಯಾರ ಹತ್ರ ಇದೆ?"

"ಒಂದು ನನ್ನ ಹತ್ರ."

"ಇನ್ನೊಂದು?"

ಡೀಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಗ್ಯಾಂಗ್ ಮೇಸ್ತ್ರಿ ವೆಟ್ಟಿಗ್ ಹತ್ರ, ಹಳಿ ನೋಡಿಕೊಳ್ಳೋರು. ಅಕ್ಟೋಬರ್‌ಗೆ ನಿವೃತ್ತಿ ಸಾರ್ ಅವರಿಗೆ. ಸ್ವಲ್ಪ ನೋಡ್ಕೊಳ್ಳಿ."

ಕುನೋ ವೆಟ್ಟಿಗ್ ಆ ಕೊಠಡಿಯಲ್ಲೇ ಕೂತು, ಬ್ರೆಡ್ಡಿನ ಮೇಲೆ ಸಾಸೇಜು ಹೆಚ್ಚಿಟ್ಟುಕೊಂಡು ತಿನ್ನುತ್ತಿದ್ದ. ಹಳಿ ಮೇಲೆ ನಡೆದೂ ನಡೆದೂ ಸಣ್ಣ ಹೆಜ್ಜೆಯೇ ರೂಢಿಯಾಗಿದ್ದ, ಕುಳ್ಳಗಿನ ಗಟ್ಟಿ ಮನುಷ್ಯ. ಪೊಲೀಸರನ್ನು ಕಂಡು ಎದ್ದೇನೂ ನಿಲ್ಲಲಿಲ್ಲ.

"ಎರಡನೇ ಫಲಕ ಯಾಕೆ ಇಟ್ರಿ, ಮೇಸ್ತ್ರಿ? ಅದಿಲ್ಲದಿದ್ರೆ ನಾನು ಇನ್ನೂ ಹುಡುಗರ ಹಿಂದೆ ಸುತ್ತುತಾ ಇರ್ತಿದ್ದೆ."

"ಒಂದೇ ಕಡೆ ಇಟ್ಟು ಬರೋಕೆ ಮನಸ್ಸು ಒಪ್ಪಲಿಲ್ಲ ಸಾರ್. ಅರ್ಧ ದಾರಿ ಬಂದವನು ತಿರುಗಿ ಹೋಗಿ ಇಟ್ಟೆ."

ಟೀಮೆಗೆ ಅಯ್ಯೋ ಅನಿಸಿತು. ರೈಲು ಸಂಚಾರಕ್ಕೆ ಅಪಾಯ ತಂದ ಆರೋಪ ಸಾಬೀತಾದರೆ ಪಿಂಚಣಿಗೆ ಎಳ್ಳುನೀರು. ಅವನು ಲೋಬೆಯನ್ನು ನೀರು ತರಲು ಕಳಿಸಿ ಬಾಗಿಲು ಮುಂದೆ ಮಾಡಿದ.

"ಮುಂಜಾನೆ ಹಳಿ ನೋಡೋಕೆ ಹೋದ್ರಿ. ಯಾರೋ ಬಿಚ್ಚಿದ್ದು ಕಂಡಿತು. ಓಡಿಹೋಗಿ ಎರಡೂ ಕಡೆ ಫಲಕ ಇಟ್ರಿ. ಹೀಗೂ ಆಗಿರಬಹುದಲ್ವಾ?"

ವೆಟ್ಟಿಗ್ ಚಾಕು ಒರೆಸಿ ಮಡಚಿದ. "ನನ್ನ ಹಳೀನ ಇನ್ಯಾವನೋ ಬಂದು ಬಿಚ್ಚಿಹೋದ ಅಂತ ಬರೀಬೇಡಿ ಸಾರ್. ಅದೊಂದು ಬೇಡ."

"ಪಿಂಚಣಿ ಹೋಗುತ್ತೆ, ಗೊತ್ತಾ?"

"ಗೊತ್ತು."

"ಹೇಗೂ ಇವತ್ತಿಗೆ ಮುಗೀತಿತ್ತು. ಒಂದು ದಿನಕ್ಕೋಸ್ಕರ ಇಷ್ಟೆಲ್ಲಾನಾ?"

"ಆ ಒಂದು ದಿನಕ್ಕೇ." ಅವನ ದನಿ ಏರಿತು. "ಹತ್ತು ವರ್ಷ ಆ ಮೇಯರ್ ಗಾಡಿ ಹತ್ತಿದ್ದು ನಾನು ನೋಡಿಲ್ಲ. ರೈಲ್ವೆ ಗೇಟ್ ಹಾಕಿದ್ರೆ ಆ ಬ್ಯಾಂಡಿನವರು ಕಾರೊಳಗೆ ಕೂತು ಹಾರ್ನ್ ಹೊಡೀತಿದ್ರು, ನಮ್ಮ ಅಮ್ಮ ಅಕ್ಕ ಅಂತ ಬೈತಿದ್ರು. ಇವತ್ತು ಅಳೋಕೆ ಬಂದಿದ್ದಾರೆ, ಬಿಯರ್ ಕುಡ್ಕೊಂಡು! ನೀವೂ ಟಿಕೆಟ್ ತಗೊಂಡಿದ್ರಾ ಸಾರ್?"

"ಹೆಂಡತಿ ತಗೊಂಡಿದ್ಲು."

"ಅದಕ್ಕೂ ಮುಂಚೆ ಯಾವಾಗ ಹತ್ತಿದ್ರಿ?"

ಟೀಮೆ ನೆನಪು ಕೆದಕಿದ. ಯಾವ ವರ್ಷವೂ ಹೊಳೆಯಲಿಲ್ಲ. ಹೇಳಿಕೆಯ ಹಾಳೆ ತೆಗೆದು ಬರೆಯಲು ಕೂತ. ವೆಟ್ಟಿಗ್ ಓದಿ ನೋಡಿ, ಮೇಲಂಗಿಯ ಗುಂಡಿ ಹಾಕಿಕೊಂಡು ಸಹಿ ಮಾಡಿದ. ಹನ್ನೆರಡೂ ಹತ್ತಕ್ಕೆ ಬಂಧನ ದಾಖಲಾಯಿತು.

ವಿಶೇಷ ಗಾಡಿ ರದ್ದಾಗಿತ್ತು. ಹೊರಗೆ ಜನ ಗೊಣಗುತ್ತ ಕಾರು ಹತ್ತುತ್ತಿದ್ದರು. ಬ್ಯಾಂಡಿನವನೊಬ್ಬ ವೆಟ್ಟಿಗ್‌ನನ್ನು ನೋಡಿ, "ತಲೆ ಕೆಟ್ಟ ಮುದುಕ, ಕೊನೆ ಗಾಡೀನೂ ಹಾಳು ಮಾಡಿದ," ಎಂದು ಕೂಗಿದ.

ವೆಟ್ಟಿಗ್ ಅವನ ಕಡೆ ತಿರುಗಲಿಲ್ಲ. ಟೀಮೆಗೆ ಮಾತ್ರ ಕೇಳುವಂತೆ ಅಂದ: "ಹಾಳಾಗಿಲ್ಲ ಸಾರ್. ಕೊನೆ ಗಾಡಿ ನಿನ್ನೆ ಸಂಜೆನೇ ಬಂತು, ಸರಿಯಾದ ಟೈಮಿಗೆ. ಗರಗಸದ ಮಿಲ್ಲಿನ ಇಬ್ಬರು ಇಳಿದ್ರು, ಅಂಚೆ ಕಚೇರಿ ಟ್ರೂಡೆ ಇಳಿದ್ಲು. ದಿನಾ ಬರೋರು. ಸೋಮವಾರದಿಂದ ಬಸ್ಸಲ್ವಾ ಮೇಸ್ತ್ರಿ, ಅಂತ ಟ್ರೂಡೆ ನನ್ನ ಕೈ ಹಿಡ್ಕೊಂಡ್ಲು. ಆಮೇಲೆ ಮನೆಗೆ ಹೋದ್ಲು."