ಸೇತುವೆಯಾಚೆಯ ಕೂಗು

"ಅಮ್ಮ ಹೋಗ್ಬಿಟ್ರು, ಕನಿಶಾಯ್..."

ಗೇಟಿನಾಚೆ ನಿಂತು ಎರ್ಮೆಕ್ ಇಷ್ಟೇ ಹೇಳಿದ. ಮುಖಕ್ಕೆ ಮಾಸ್ಕ್, ಅದರ ಮೇಲೆ ಅತ್ತು ಅತ್ತು ಕೆಂಪಾದ ಎರಡು ಕಣ್ಣು. ಇನ್ನು ಅವನ ಮುಖ ನೋಡಬಾರದೆಂದು ಏಪ್ರಿಲ್‌ನಲ್ಲೇ ಶಪಥ ಮಾಡಿದ್ದ ಕನಿಶಾಯ್‌ಗೆ ಆ ಕಣ್ಣುಗಳಿಂದ ನೋಟ ಕೀಳಲಾಗಲಿಲ್ಲ.

ಉರುಮ್‌ಕಾನ್ ಅಮ್ಮ! ಹೋದ ವರ್ಷ ಸೇಬು ಕೀಳುವ ಹೊತ್ತಿನಲ್ಲಿ ಇದೇ ಅಂಗಳಕ್ಕೆ ಬಂದು, "ಇನ್ಮೇಲೆ ನೀನು ನಮ್ಮನೆ ಹುಡುಗಿ" ಎಂದು ಕೈಯಾರೆ ಬೆಳ್ಳಿ ಓಲೆ ತೊಡಿಸಿ ನಿಶ್ಚಯ ಮಾಡಿಹೋಗಿದ್ದ ಭಾವೀ ಅತ್ತೆ.

ಆ ಓಲೆ ಈಗ ಅವಳ ಕಿವಿಯಲ್ಲಿರಲಿಲ್ಲ. ಏಪ್ರಿಲ್‌ನಲ್ಲಿ ಅಪ್ಪನನ್ನು ಮಣ್ಣು ಮಾಡಿದ ಮರುದಿನವೇ ಹಿಂದಕ್ಕೆ ಕಳಿಸಿಬಿಟ್ಟಿದ್ದಳು.

"ಮೈ ತೊಳೆಸೋಕೆ ಹೆಂಗಸರು ಯಾರೂ ಬರ್ತಿಲ್ಲ. ಎಲ್ಲರಿಗೂ ರೋಗದ ಭಯ. ನಿಮ್ಮ ತಂಡದವರು ಏನಾದ್ರೂ..."

"ಬರ್ತೀವಿ. ಅಮ್ಮನ ಜೊತೆ ನನಗೇನೂ ಜಗಳ ಇಲ್ಲ. ನೀವು ನಡೀರಿ."

ನೀವು! ಅಷ್ಟಕ್ಕೇ ಎರ್ಮೆಕ್ ತಲೆ ತಗ್ಗಿಸಿದ. ಕನಿಶಾಯ್ ಅಲ್ಲಿಗೆ ಸುಮ್ಮನಾಗಬಹುದಿತ್ತು, ಆದರೆ ಒಳಗೆ ಹೆಪ್ಪುಗಟ್ಟಿದ್ದು ಉಕ್ಕಿ ಬಂತು.

"ನಮ್ಮಪ್ಪ ಹೋದಾಗ ಅವರನ್ನ ಮಲಗಿಸಿದ್ದ ಡೇರೆ ಬಾಗಿಲಲ್ಲಿ ಕೋಲು ಊರಿ ನಿಂತು ಅಳೋಕೆ ಮಗ ಇರ್ಲಿಲ್ಲ. ಅಳಿಯ ಆಗೋನು ಬರ್ತಾನೆ ಅಂತ ದಾರಿ ಕಾದೆ. 'ಅಯ್ಯೋ ನನ್ನಪ್ಪಾ' ಅಂತ ಒಂದು ಕೂಗು... ಒಂದೇ ಒಂದು ಕೂಗು ಕೇಳಿಸ್ಲಿಲ್ಲ!"

ಎರ್ಮೆಕ್ ಗೇಟಿನಿಂದ ಕೈ ತೆಗೆದ.

"ಕೇಳಿಸ್ಲಿಲ್ಲ ಅಂದ್ಮೇಲೆ... ನಾನೇನು ಹೇಳ್ಲಿ," ಎಂದು ಹಿಂದಿರುಗಿದ.

ಆ ಜುಲೈ ಯಾರ ಮನೆಗೂ ಬೇಡ. ಸತ್ತವರ ಮೈ ತೊಳೆಸುತ್ತಿದ್ದ ಹಿರಿಯ ಹೆಂಗಸರೆಲ್ಲ ತಾವೇ ಹಾಸಿಗೆ ಹಿಡಿದಿದ್ದರು. ಆಗ ಕನಿಶಾಯ್ ಮತ್ತು ಅವಳ ಓರಗೆಯವರು ಮನೆಯಲ್ಲೇ ಬಿಳಿ ನಿಲುವಂಗಿ ಹೊಲಿದುಕೊಂಡು ಆ ಕೆಲಸಕ್ಕೆ ಕೈಹಾಕಿದ್ದರು. ಶಾಸ್ತ್ರ ಹೇಳಿಕೊಡಲು ಸಾಲ್ಕಿನ್ ಅಪಾ ಒಬ್ಬರಿದ್ದರು. ಮನೆಯಲ್ಲಿರಿ ಎಂದರೆ, "ನನ್ನ ಬಾಯಿಗೆ ಹೆದರಿ ಆ ರೋಗವೇ ಓಡಿಹೋಗುತ್ತೆ" ಎನ್ನುವ ಮುದುಕಿ.

ಎರ್ಮೆಕ್‌ನ ಊರು ಹೊಳೆಯ ಆಚೆ. ಕಾರು ಸೇತುವೆ ಹತ್ತಿದಾಗ ಸಾಲ್ಕಿನ್ ಅಪಾ ನಿಟ್ಟುಸಿರಿಟ್ಟರು.

"ಪಾಪ, ಇಲ್ಲೇ ನಿಂತಿದ್ದ. ಅಷ್ಟು ಅತ್ತವನಿಗೆ ಓಲೆ ವಾಪಸ್ ಕಳಿಸಿದ್ಯಲ್ಲ! ನಿನ್ನದೆಂಥ ಕಲ್ಲೆದೆ ಹುಡುಗಿ!"

"ಯಾರು ಅತ್ತಿದ್ದು ಅಪಾ?"

"ಇನ್ಯಾರು, ಎರ್ಮೆಕ್! ನಿಮ್ಮಪ್ಪನ ಮಣ್ಣಿನ ದಿನ. ಊರಿಗೆ ಊರೇ ಬಂದ್, ಸೇತುವೆ ಮೇಲೆ ಕಾವಲು. ದಾಟೋಕೆ ಬಿಡ್ಲಿಲ್ಲ. ಹೆತ್ತ ಮಗನ ಹಾಗೆ ಸೊಂಟಕ್ಕೆ ಪಟ್ಟಿ ಬಿಗಿದು ಕೋಲು ಊರಿ ಆಚೆ ದಡದಲ್ಲೇ ನಿಂತ್ಕೊಂಡ. ಹೆಣ ಎತ್ತೋವರೆಗೂ 'ಅಯ್ಯೋ ನನ್ನಪ್ಪಾ' ಅಂತ ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು. ಹಸು ಹುಡುಕ್ತಾ ಸೇತುವೆವರೆಗೂ ಬಂದ ನಾನೇ ನೋಡಿದ್ದೀನಿ. ನಿನಗೆ ಗೊತ್ತಿಲ್ವಾ?"

ಕನಿಶಾಯ್ ಕಿಟಕಿಯಾಚೆ ನೋಡಿದಳು. ಕೆಳಗೆ ಹೊಳೆ ಭೋರ್ಗರೆಯುತ್ತಿತ್ತು. ಏಪ್ರಿಲ್‌ನಲ್ಲೂ ಹಿಮ ಕರಗಿ ಹೀಗೇ ಭೋರ್ಗರೆದಿತ್ತು. ಆ ಸದ್ದಿನಲ್ಲಿ ಯಾರ ಕೂಗು ತಾನೇ ದಾಟಿ ಮನೆ ಮುಟ್ಟೀತು?

'ದೇವರೇ... ನಾನೇನು ಮಾಡಿಬಿಟ್ಟೆ!'

ಎರ್ಮೆಕ್‌ನ ಮನೆಯ ಅಂಗಳದಲ್ಲಿ ಉಣ್ಣೆಯ ಡೇರೆ ಎದ್ದಿತ್ತು. ಪರದೆಯ ಹಿಂದೆ ಉರುಮ್‌ಕಾನ್ ಅಮ್ಮ ಮಲಗಿದ್ದರು. ಸಾಲ್ಕಿನ್ ಅಪಾ ಬೆಚ್ಚನೆಯ ನೀರು ಹುಯ್ಯುತ್ತಿದ್ದರೆ ಕನಿಶಾಯ್ ಮೈ ತೊಳೆದಳು, ನರೆತ ಕೂದಲು ಬಾಚಿ ಹೆಣೆದಳು. ಉಣ್ಣೆ ತಟ್ಟಿ ತಟ್ಟಿ ಒರಟಾದ ಆ ಬೆರಳುಗಳೇ ಅವಳ ಕಿವಿಗೆ ಓಲೆ ತೊಡಿಸಿದ್ದು. ಕೈಗವಸು ಕಿತ್ತೆಸೆದು ಒಮ್ಮೆ ಮುಟ್ಟಬೇಕೆನಿಸಿತು, ಆಗಲಿಲ್ಲ. ಕಣ್ಣೀರು ಮಾಸ್ಕಿನೊಳಗೇ ಇಳಿಯಿತು.

ಕಫನ್ ಬಟ್ಟೆ ಸುತ್ತಿ ಮುಗಿಸಿದ ಸಾಲ್ಕಿನ್ ಅಪಾ ಮೆಲ್ಲಗೆ ಹೇಳಿದರು, "ಇನ್ನು ಎತ್ತಬೇಕು. ಆದ್ರೆ ಹಾಡಿ ಕಳಿಸೋರು ಯಾರು? ಮಗಳಿಲ್ಲ, ಸೊಸೆ ಇಲ್ಲ. ಇಂಥ ತಾಯಿ ಮೂಕಿ ಹಾಗೆ ಹೋಗ್ಬೇಕಾಯ್ತಲ್ಲ..."

ಕನಿಶಾಯ್ ನೀರಿನ ಪಾತ್ರೆ ಬದಿಗಿಟ್ಟಳು. ಶೋಕದ ಹಾಡು ಮನೆಯ ಹೆಣ್ಣಿನದು. ಒಮ್ಮೆ ಸೊಸೆಯಾಗಿ ಹಾಡಿದರೆ ಊರೆಲ್ಲ ಕೇಳುತ್ತದೆ, ಆಮೇಲೆ ಅಲ್ಲವೆನ್ನಲು ಬರುವುದಿಲ್ಲ. ಎರ್ಮೆಕ್‌ಗೆ ಇನ್ನೂ ತಾನು ಬೇಕೋ ಬೇಡವೋ, ಅದೂ ಗೊತ್ತಿಲ್ಲ!

ಆದರೂ ಅವಳು ಡೇರೆಯ ಗೋಡೆಯತ್ತ ಮುಖ ಮಾಡಿ ಕುಳಿತಳು. ಶೋಕ ಹಾಡುವ ಹೆಂಗಸರ ಪದ್ಧತಿಯಂತೆ ಕೈಗಳನ್ನು ಸೊಂಟಕ್ಕಿಟ್ಟಳು.

"ಕಿವಿಗೆ ಓಲೆ ತೊಡಿಸಿದ ಅತ್ತೆಮ್ಮಾ,
ಬರಿಗಿವಿಯಲ್ಲಿ ಬಂದೆನಲ್ಲಾ...
ಹೊಸಿಲು ದಾಟಿಸಿ ಕರೆಯಬೇಕಾದವಳೇ,
ನಿನ್ನನ್ನೇ ದಾಟಿಸಿ ಕಳಿಸಿದೆನಲ್ಲಾ..."

ಹೊರಗೆ ಒಬ್ಬನೇ ಕೋಲು ಊರಿ ನಿಂತಿದ್ದ ಎರ್ಮೆಕ್ ಬೆಚ್ಚಿದ. ಅತ್ತೆಮ್ಮಾ ಅಂದಳೇ? ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದವನ ಎದೆ ಬಿರಿಯಿತು.

"ಅಯ್ಯೋ ನನ್ನಮ್ಮಾ...!"

ಹತ್ತಿರ ಬರಲಾಗದೆ ತಂತಮ್ಮ ಗೇಟಿನಲ್ಲೇ ನಿಂತಿದ್ದ ನೆರೆಯವರು ಅದನ್ನು ಕೇಳಿ ತಾವೂ ದನಿ ಎತ್ತಿದರು. ಬೀದಿಯ ಒಂದೊಂದು ಅಂಗಳದಿಂದ ಒಂದೊಂದು ಕೂಗು ಎದ್ದಿತು. ಉರುಮ್‌ಕಾನ್ ಅಮ್ಮ ಮೂಕಿಯಾಗಿ ಹೋಗಲಿಲ್ಲ.

ಗಂಡಸರು ಮಣ್ಣು ಮಾಡಿ ಬಂದಾಗ ಕನಿಶಾಯ್ ಅಂಗಳದ ಮೂಲೆಯಲ್ಲಿ ತನ್ನ ನಿಲುವಂಗಿ ಸುಡುತ್ತಿದ್ದಳು. ಎರ್ಮೆಕ್ ದೂರವೇ ನಿಂತ.

"ಸೇತುವೆ ಹತ್ರ ಬಂದಿದ್ದೆ ಅಂತ ಯಾಕೆ ಹೇಳ್ಲಿಲ್ಲ?" ಅವಳು ಬೆಂಕಿಯಿಂದ ಕಣ್ಣೆತ್ತದೆ ಕೇಳಿದಳು.

"ಸತ್ತ ಮನೆಗೆ ಕೇಳಿಸದ ಅಳು ಲೆಕ್ಕಕ್ಕುಂಟಾ? ನಾನು ಅತ್ತಿದ್ದೆ, ನಾನು ಅತ್ತಿದ್ದೆ ಅಂತ ನಾನೇ ಹೇಳ್ಕೊಂಡು ತಿರುಗ್ಲಾ?"

"ಹೊಳೆಗೆ ಬೈಯೋದು ಬಿಟ್ಟು ನಿನಗೆ ಬೈದೆ, ಎರ್ಮೆಕ್..."

ನಿನಗೆ! ಅವನ ಕಣ್ಣುಗಳು ಮತ್ತೆ ತುಂಬಿಕೊಂಡವು.

"ಓಲೆನ ಅಮ್ಮ ಜೋಪಾನವಾಗಿ ಎತ್ತಿಟ್ಟಿದ್ರು. ಅವಳು ಬಂದೇ ಬರ್ತಾಳೆ, ನಾನೇ ತೊಡಿಸ್ತೀನಿ ಅಂತಿದ್ರು. ಈಗ ತೊಡಿಸೋಕೆ ಅವರೇ ಇಲ್ಲ ಕನಿಶಾಯ್..."

"ಅವರು ಒಂದ್ಸಲ ತೊಡಿಸಿದ್ದಾರೆ. ತೆಗೆದವಳು ನಾನು. ನಲವತ್ತನೇ ದಿನದ ಊಟ ಕಳೀಲಿ, ನಾನೇ ಹಾಕ್ಕೊಂಡು ಈ ಮನೆಗೆ ಬರ್ತೀನಿ."

ಇಬ್ಬರೂ ಅತ್ತರು. ಹತ್ತಿರ ಹೋಗುವಂತಿರಲಿಲ್ಲ, ಕೈ ಹಿಡಿಯುವಂತಿರಲಿಲ್ಲ. ನಡುವೆ ಬೆಂಕಿ ಸಣ್ಣಗೆ ಉರಿಯುತ್ತಿತ್ತು.

"ನಿನ್ನ ಹಾಡು ಕೇಳಿಸ್ತು ಕನಿಶಾಯ್."

"ನಿನ್ನ ಕೂಗೂ ಕೇಳಿಸ್ತು."

"ಇವತ್ತಿನದಾ?"

ಅವಳು ಅಡ್ಡಡ್ಡ ತಲೆಯಾಡಿಸಿದಳು.

"ಅಲ್ಲ... ನಮ್ಮಪ್ಪನಿಗೆ ಅಂತ ಕೂಗಿದ್ಯಲ್ಲ, ಅದು."