ದೊಡ್ಡಕ್ಕನಿಗೆ ವಯಸ್ಸೆಷ್ಟು?

ಬಲು ಹಿಂದೆ, ಮೀನುಗಳಿಗಿನ್ನೂ ಮೀಸೆ ಮೂಡದ ಕಾಲದಲ್ಲಿ, ಹೊಳೆನಾಡು ಎಂಬೊಂದು ರಾಜ್ಯವಿತ್ತು. ರಾಜ್ಯದ ನಟ್ಟನಡುವೆ ಒಂದು ಹೊಳೆ. ಎಂಥ ಹೊಳೆ ಅಂತೀರಿ! ಆಚೆ ದಡದಲ್ಲಿ ನಸುಕಿಗೆ ಕೂಗಿದ ಕೋಳಿಯ ಕೂಗು ಈಚೆ ದಡ ಮುಟ್ಟುವಷ್ಟರಲ್ಲಿ ಊಟದ ಹೊತ್ತಾಗಿ, ಕೂಗಿದ ಕೋಳಿ ಸಾರಾಗಿರುತ್ತಿತ್ತು.

ಈ ಹೊಳೆಯ ಅಂಬಿಗರಿಗೆ ಒಂದೇ ಒಂದು ಚಟ. ಹೆಂಡವಲ್ಲ, ಜೂಜಲ್ಲ. ದೋಣಿಯ ವಯಸ್ಸು ಕೊಚ್ಚಿಕೊಳ್ಳುವುದು. ಬೇರೆ ನಾಡುಗಳಲ್ಲಿ ಮರದ ದೋಣಿ ಹನ್ನೆರಡು ವರ್ಷ ದುಡಿದರೆ ಹೆಚ್ಚು, ಆಮೇಲೆ ಒಲೆಗೆ. ಹೊಳೆನಾಡಿನಲ್ಲಿ ಹನ್ನೆರಡರ ದೋಣಿಗೆ ಇನ್ನೂ ಹಾಲುಹಲ್ಲು ಎನ್ನುತ್ತಿದ್ದರು. ಪ್ರತಿ ಮಳೆಗಾಲ ದೋಣಿಯನ್ನು ದಡಕ್ಕೆಳೆದು, ಹಳೆ ಹೊಲಿಗೆ ಬಿಚ್ಚಿ, ಕೊಳೆತ ಹಲಗೆ ಕಿತ್ತು ಹೊಸದಿಟ್ಟು, ತೆಂಗಿನ ನಾರಿನ ಹಗ್ಗದಿಂದ ಮತ್ತೆ ಹೊಲಿದು, ಮೈತುಂಬ ಹೊನ್ನೆ ಎಣ್ಣೆ ಬಳಿಯುತ್ತಿದ್ದರು. ಅಲ್ಲಿನ ಬಾಣಂತಿಯರಿಗೂ ಅಷ್ಟು ಎಣ್ಣೆ ಸಿಗುತ್ತಿರಲಿಲ್ಲ. ಹಾಗಾಗಿ ಮೂವತ್ತು ವರ್ಷ, ನಲವತ್ತು ವರ್ಷ ದುಡಿದ ದೋಣಿಗಳು ಬೇಕಾದಷ್ಟಿದ್ದವು. ಅಂಬಿಗರು ಹೇಳುವಾಗ ಅದರ ಮೇಲೆ ಇನ್ನೊಂದಿಪ್ಪತ್ತು ಸೇರಿರುತ್ತಿತ್ತು, ಅಷ್ಟೆ.

ಇವರಲ್ಲೆಲ್ಲ ದೊಡ್ಡ ಬಾಯಿ ಅಂಬಿಗರ ಸಣ್ಣಿಯದು. ಅವಳ ದೋಣಿಯ ಹೆಸರು ದೊಡ್ಡಕ್ಕ. ತಾಯಿಯಿಂದ ಬಂದದ್ದು. "ನಮ್ಮ ದೊಡ್ಡಕ್ಕನಿಗೆ ಎಂಬತ್ತು ವರ್ಷ! ಈಗಲೂ ಎಂಟು ಎಮ್ಮೆ ಹೊರ್ತಾಳೆ, ಒಂದು ಹನಿ ನೀರು ಒಳಗೆ ಬರಲ್ಲ" ಎಂದು ಸಣ್ಣಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಎಮ್ಮೆಗಳು ನಾಲ್ಕೇ. ವಯಸ್ಸು ಎಷ್ಟೋ, ಅವಳೂ ಎಣಿಸಿರಲಿಲ್ಲ.

ಆ ಕಾಲಕ್ಕೆ ಹೊಳೆಯ ಸುಳಿಯೊಳಗೆ ಹುಳುಕಾಸುರ ಎಂಬ ಮಾಯಾವಿ ಬಂದು ನೆಲೆಸಿದ. ಅವನ ಊಟ ದೋಣಿಗಳ ವಯಸ್ಸು. ದೋಣಿಯವನು ಬಾಯಿಬಿಟ್ಟು ಇಷ್ಟು ವರ್ಷ ಎಂದರೆ ಸಾಕು, ವರ್ಷಗಳೆಲ್ಲ ದೋಣಿಯಿಂದ ಶಾವಿಗೆ ಎಳೆಯ ಹಾಗೆ ಎದ್ದು ಸರ್ರನೆ ಅವನ ಬಾಯಿಗೆ ಹೋಗುತ್ತಿದ್ದವು. ಎಳೆಯ ಕೊನೆ ಗಂಟಲಿಳಿದ ಕೂಡಲೇ ದೋಣಿ ಪುಡಿಪುಡಿ. ಒಂದೇ ಕಟ್ಟಳೆ: ಒಮ್ಮೆ ಎಳೆ ಬಾಯಿಗಿಟ್ಟರೆ ಕೊನೆ ಮುಟ್ಟುವವರೆಗೆ ಅವನೂ ಬಿಡುವಂತಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿದ್ದರಾಗುತ್ತಿತ್ತಲ್ಲ? ಆಗುತ್ತಿತ್ತು, ಬೇರೆ ನಾಡಿನವರಾಗಿದ್ದರೆ. ಸಣ್ಣಿಯ ಸೋದರಮಾವ ದ್ಯಾವಣ್ಣನಿಗೆ ಎಲ್ಲ ಗೊತ್ತಿತ್ತು. ಮಾಯಾವಿ ದಾರಿಹೋಕನ ವೇಷದಲ್ಲಿ ಬಂದು, "ದೋಣಿ ಚೆನ್ನಾಗಿದೆ ಅಣ್ಣ. ಒಂದಾರು ವರ್ಷದ್ದಿರಬೇಕು" ಅಂದ.

"ಆರಾ? ಯಾರಿಗೋ ಹೇಳ್ತಿದ್ದೀಯ! ಮೂವತ್ತಾರು!" ಎಂದ ದ್ಯಾವಣ್ಣ. ಮಾತು ಮುಗಿಯುವಷ್ಟರಲ್ಲಿ ಹುಟ್ಟು ಕೈಯಲ್ಲಿತ್ತು, ದೋಣಿ ಇರಲಿಲ್ಲ.

ಹೀಗೆ ಒಂದೇ ತಿಂಗಳಲ್ಲಿ ಮುನ್ನೂರು ದೋಣಿ ಹೋದವು. ಉಳಿದದ್ದು ದೊಡ್ಡಕ್ಕ ಒಬ್ಬಳೇ. ಸಣ್ಣಿಯ ಜಾಣತನದಿಂದಲ್ಲ. ಆ ತಿಂಗಳಿಡೀ ಅವಳಿಗೆ ಹಲ್ಲುನೋವು, ಕೆನ್ನೆ ಊದಿ ಬಾಯಿ ತೆರೆಯಲಾಗಿರಲಿಲ್ಲ. ದುರದೃಷ್ಟಕ್ಕೆ ಈಗ ವಾಸಿಯಾಗಿತ್ತು.

ಒಂದು ಬೆಳಿಗ್ಗೆ ರಾಜ ಅಮೃತಕೇತು ಕಿರೀಟವನ್ನೂ ಮರೆತು ದೋಣಿ ಕಟ್ಟುವ ಕಡವಿಗೆ ಓಡಿ ಬಂದ.

"ಸಣ್ಣವ್ವಾ, ರಾಣಿಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿದೆಯಂತೆ. ಅದನ್ನ ಸರಿಮಾಡೋ ಕೈ ಒಂದೇ, ಸೂಲಗಿತ್ತಿ ಕೆಂಚಜ್ಜಿದು. ಅವಳು ಆಚೆ ದಡದಲ್ಲಿದ್ದಾಳೆ. ಹೊತ್ತು ನೆತ್ತಿ ದಾಟಿದರೆ ತಾಯಿಯೂ ಇಲ್ಲ, ಮಗುವೂ ಇಲ್ಲ."

"ಹೆದರಬೇಡಿ ಪ್ರಭು. ನಮ್ಮ ದೊಡ್ಡಕ್ಕನಿಗೆ ವಯಸ್ಸು ಎಂ..." ಎನ್ನುತ್ತಿದ್ದಂತೆ ದ್ಯಾವಣ್ಣ ಓಡಿ ಬಂದು ಸೊಸೆಯ ಬಾಯಿ ಮುಚ್ಚಿದ.

ಹೋಗುವಾಗ ತೊಂದರೆಯಾಗಲಿಲ್ಲ. ಮಾಯಾವಿ ಹಿಂದಿನ ದಿನದ ಊಟ ಅರಗಿಸುತ್ತ ಮಲಗಿದ್ದ. ಬರುವಾಗ ದೋಣಿಯಲ್ಲಿ ಕೆಂಚಜ್ಜಿ ಕೂತಿದ್ದಳು. ಕೂತವಳೇ ಸಣ್ಣಿಯ ಬಾಯಿಗೆ ಹತ್ತು ವೀಳ್ಯದೆಲೆ ಒಟ್ಟಿಗೆ ತುರುಕಿದಳು. "ಅಗಿ ಮಗಾ. ಉಗಿದೀಯ ಜೋಕೆ."

ಕಾಲು ಹೊಳೆ ದಾಟಿದ್ದರು. ಒಂದು ಬಿಳಿ ಕೊಕ್ಕರೆ ಬಂದು ದೋಣಿಯ ಮೂತಿಯ ಮೇಲೆ ಕೂತಿತು. "ಅಯ್ಯೋ, ಎಣ್ಣೆ ವಾಸನೆ ಇನ್ನೂ ಹೋಗಿಲ್ಲ. ಹೋದ ವರ್ಷ ಕಟ್ಟಿದ್ದಾ ತಂಗೀ?"

ಸಣ್ಣಿಯ ಕಣ್ಣು ಕೆಂಪಾದವು, ಕಿವಿ ಕೆಂಪಾದವು. "ಮ್ಮ್ಮ್!" ಎಂದಳು. ವೀಳ್ಯ ಬಿಡಲಿಲ್ಲ. ಕೊಕ್ಕರೆ ಹಾರಿಹೋಯಿತು, ವೀಳ್ಯವೂ ಮುಗಿಯಿತು.

ಅರ್ಧ ಹೊಳೆ ದಾಟಿದ್ದರು. ಒಂದು ಮುದಿ ಮೊಸಳೆ ಪಕ್ಕದಲ್ಲೇ ಈಜುತ್ತ ನಕ್ಕಿತು. "ಇಂಥ ಮರ ಐದು ವರ್ಷ ಬಾಳಿದರೆ ಪುಣ್ಯ. ದಡ ಸೇರುತ್ತದಾ ಅಜ್ಜೀ? ಈಜು ಬರುತ್ತದೆ ತಾನೆ?"

ಸಣ್ಣಿ ಬಾಯಿ ತೆರೆದಳು. ಕೆಂಚಜ್ಜಿ ಅಂಗೈ ಅಡ್ಡ ಹಿಡಿದಳು. ಸಣ್ಣಿ ಕಚ್ಚಿದಳು. ಅಜ್ಜಿ ಕೈ ತೆಗೆಯಲಿಲ್ಲ. "ಸಾವಿರ ಬಸುರಿಯರು ಕಚ್ಚಿದ ಕೈ ಕಣೇ ಇದು. ನಿನ್ನ ಹಲ್ಲು ಯಾವ ಲೆಕ್ಕ!" ಮೊಸಳೆ ಮುಳುಗಿತು.

ಮುಕ್ಕಾಲು ಹೊಳೆ ದಾಟಿದ್ದರು. ನೀರು ಬಿರಿದು ಹುಳುಕಾಸುರನೇ ಎದ್ದು ನಿಂತ. ಆಳು ತಾಳೆಮರದುದ್ದ, ಹೊಟ್ಟೆ ಗುಡ್ಡದಷ್ಟು. ಎರಡು ಬೆರಳಲ್ಲಿ ದೊಡ್ಡಕ್ಕನನ್ನು ಹಿಡಿದು ನಿಲ್ಲಿಸಿದ.

"ವಯಸ್ಸು ಹೇಳು, ಬಿಡ್ತೀನಿ. ಹೇಳದಿದ್ದರೆ ಇಲ್ಲೇ ನಿಂತಿರು. ನಿನಗೆ ಅವಸರವಿಲ್ಲದಿದ್ದರೆ ನನಗೇನು?"

ಹೊತ್ತು ನೆತ್ತಿಗೆ ಬರುತ್ತಿತ್ತು. ಹೇಳಿದರೆ ನಡುನೀರಲ್ಲಿ ದೋಣಿ ಪುಡಿ. ಹೇಳದಿದ್ದರೆ ಅರಮನೆಯಲ್ಲಿ ಎರಡು ಜೀವ. ಎಂಬತ್ತು ಎಂಬ ಮಾತು ಸಣ್ಣಿಯ ನಾಲಿಗೆಯ ತುದಿಗೆ ಬಂತು. ಆಗ ಅವಳ ಬರಿಗಾಲಿಗೆ ಕೆಳಗಿನ ಹಲಗೆ ತಾಗಿತು. ಕರಿದಾದ, ನುಣುಪಾದ ಹಲಗೆ. ತಾಯಿಹಲಗೆ.

ಎಂಬತ್ತು ಎಂದರೆ ದೊಡ್ಡಕ್ಕನಿಗೆ ಅವಮಾನ ಅನ್ನಿಸಿತು ಅವಳಿಗೆ. ಹುಟ್ಟಿದಂದಿನಿಂದ ಮೊದಲ ಸಲ ತಾನು ಕೊಚ್ಚಿದ್ದು ನಿಜಕ್ಕಿಂತ ಕಡಿಮೆಯಾಗಿತ್ತು.

"ಹೇಳ್ತೀನಿ. ಪೂರ್ತಿ ಹೇಳ್ತೀನಿ. ಬಾಯಿ ಅಗಲ ಮಾಡು" ಎಂದಳು.

ಅವನು ಅಗಲ ಮಾಡಿದ.

"ಹೊಲಿಗೆ ಹಗ್ಗ ಈ ಮಳೆಗಾಲದ್ದು. ಎಡಮಗ್ಗುಲ ಹಲಗೆ ಮೂರು ವರ್ಷದ್ದು, ನಾನೇ ಇಟ್ಟೆ. ಬಲಮಗ್ಗುಲದ್ದು ಹನ್ನೊಂದು, ನಮ್ಮವ್ವ ಇಟ್ಟಿದ್ದು. ಮೂತಿಯ ಮರ ಮೂವತ್ತು, ನಮ್ಮಜ್ಜಿದು."

ಎಳೆ ಎದ್ದಿತು. ಮಾಯಾವಿ ಸರ್ರನೆ ಹೀರತೊಡಗಿದ.

"ಇನ್ನು ಈ ತಾಯಿಹಲಗೆ. ನಮ್ಮ ಮನೆಯ ಪದ್ಧತಿ ಕೇಳು. ದೋಣಿ ಮುದಿಯಾದರೆ ಅದರ ಗಟ್ಟಿ ಹಲಗೆ ಒಂದನ್ನ ಹೊಸ ದೋಣಿಯ ಹೊಟ್ಟೆಗಿಟ್ಟು, ಅದೇ ಹೆಸರಿಂದ ಕರೀತೀವಿ. ಇದು ಅಜ್ಜಿಯ ದೊಡ್ಡಕ್ಕನಿಂದ ಬಂತು. ಆ ದೊಡ್ಡಕ್ಕನ ತಾಯಿಹಲಗೆ ಅವರಜ್ಜಿಯ ದೊಡ್ಡಕ್ಕನಿಂದ ಬಂದಿತ್ತು. ಅದರದ್ದು ಅವರಜ್ಜಿಯ ಅಜ್ಜಿಯ ದೊಡ್ಡಕ್ಕನಿಂದ..."

"ಮೊದಲನೇದು ಯಾವುದು? ಅದನ್ನ ಹೇಳು!" ಎಂದು ಬಾಯಿತುಂಬ ಎಳೆ ಇಟ್ಟುಕೊಂಡೇ ಗೊಣಗಿದ ಮಾಯಾವಿ.

"ಮೊದಲನೇದನ್ನ ಕಂಡವರು ಯಾರು? ಅದಕ್ಕೂ ಒಬ್ಬಳು ತಾಯಿ ಇದ್ದಳು. ನುಂಗು!"

ನುಂಗಿದ. ಎಳೆ ಮುಗಿಯಲಿಲ್ಲ. ಮತ್ತೆ ನುಂಗಿದ. ಹೊಟ್ಟೆ ಎರಡು ಗುಡ್ಡವಾಯಿತು, ನಾಲ್ಕು ಗುಡ್ಡವಾಯಿತು. ಎಳೆ ಬರುತ್ತಲೇ ಇತ್ತು. ಬಿಡುವಂತಿರಲಿಲ್ಲ, ಕಟ್ಟಳೆ ಅವನದೇ. ಕೊನೆಗೆ ಹುಳುಕಾಸುರ ಒಂದು ತೇಗು ತೇಗಿದ. ಅಂಥ ತೇಗು ಮತ್ತೆ ಯಾವ ಲೋಕದಲ್ಲೂ ಕೇಳಿಬಂದಿಲ್ಲ. ತೇಗಿನ ಜೊತೆ ನುಂಗಿದ ವರ್ಷಗಳೆಲ್ಲ ಹೊರಗೆ ಹಾರಿದವು. ದೊಡ್ಡಕ್ಕನ ಎಳೆ ದೊಡ್ಡಕ್ಕನೊಳಗೆ ಸುತ್ತಿಕೊಂಡಿತು. ಮುನ್ನೂರು ದೋಣಿಗಳ ಪುಡಿ ಮೇಲೆದ್ದು ಹಲಗೆಯಾಯಿತು, ಹಲಗೆ ಹಲಗೆಗೆ ಹೊಲಿದುಕೊಂಡು ದೋಣಿಯಾಯಿತು.

ಮಾಯಾವಿಯ ಪಾಲಿಗೆ ಒಂದು ವರ್ಷವೂ ಉಳಿಯಲಿಲ್ಲ. ತಾಳೆಮರದುದ್ದ ಇದ್ದವನು ಅಂಗೈಯಗಲದ ಹಸುಗೂಸಾಗಿ ನೀರ ಮೇಲೆ ತೇಲಿದ.

ಕೆಂಚಜ್ಜಿ ಅವನನ್ನು ಎತ್ತಿಕೊಂಡಳು. "ಅಯ್ಯೋ, ಕೂಸು ಅಳ್ತಿಲ್ಲವಲ್ಲೇ!" ಎಂದು ಅಂಡಿಗೊಂದು ಬಾರಿಸಿದಳು. ಅತ್ತಿತು. ಇನ್ನೊಂದು ಬಾರಿಸಿದಳು. "ಇದು ನಿಮ್ಮ ಮಾವನ ದೋಣಿಯ ಲೆಕ್ಕದ್ದು."

ಹೊತ್ತು ನೆತ್ತಿ ದಾಟುವ ಮೊದಲೇ ದೊಡ್ಡಕ್ಕ ದಡ ಮುಟ್ಟಿದಳು. ಅಜ್ಜಿಯ ಕೈ ತಾಗಿದ್ದೇ ತಡ, ಅಡ್ಡ ಇದ್ದ ಮಗು ನೆಟ್ಟಗಾಯಿತು. ಹೆಣ್ಣು. ತಾಯಿ ಮಗಳು ಇಬ್ಬರೂ ಕ್ಷೇಮ. ಒಂದು ಮಗುವಿಗೆಂದು ಕರೆದ ಸೂಲಗಿತ್ತಿ ಎರಡನೆಯದನ್ನು ಕಂಕುಳಲ್ಲೇ ತಂದಿದ್ದಳು. ಆ ಕೂಸನ್ನು ಅಂಬಿಗರೇ ಸಾಕಿದರು. ಬೆಳೆದು ಅವನು ದೋಣಿಯ ಬಿರುಕು ಮುಚ್ಚುವುದರಲ್ಲಿ ನಾಡಿಗೇ ಮೊದಲಿಗನಾದ. ಹುಳುಕು ಎಲ್ಲಿ ಹಿಡಿಯುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಾಮಕರಣದ ದಿನ ರಾಜ ತುಂಬಿದ ಸಭೆಯಲ್ಲಿ ಕೇಳಿದ. "ಸಣ್ಣವ್ವಾ, ಈಗ ಹೆದರಿಕೆ ಇಲ್ಲ. ಹೇಳು, ನಿನ್ನ ದೊಡ್ಡಕ್ಕನಿಗೆ ವಯಸ್ಸೆಷ್ಟು?"

ಸಭೆಯಲ್ಲಿದ್ದ ಮುನ್ನೂರು ಅಂಬಿಗರೂ ಅಭ್ಯಾಸಬಲದಿಂದ ತಮ್ಮ ತಮ್ಮ ಬಾಯಿ ಮುಚ್ಚಿಕೊಂಡರು.

ಸಣ್ಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಚಾಚಿ, ನೆಲದ ಮೇಲೆ ಆರಾಮವಾಗಿ ಕೂತಳು. "ಪ್ರಭು, ಬಾಗಿಲು ಹಾಕಿಸಿ, ಎಲ್ಲರಿಗೂ ಊಟಕ್ಕೆ ಹೇಳಿ. ಹೇಳೋಕೆ ಹೊತ್ತು ಹಿಡಿಯುತ್ತೆ."

ಊಟ ಮುನ್ನೂರು ಸಲ ಆಯಿತು. ರಾಜಕುಮಾರಿಗೆ ಅಷ್ಟರಲ್ಲಿ ಎರಡು ಹಲ್ಲು ಬಂದವು. ಹೊಳೆನಾಡಿನಲ್ಲಿ ಎಲ್ಲರೂ ಸುಖವಾಗಿದ್ದರು, ದೋಣಿಗಳು ಎಲ್ಲರಿಗಿಂತ ಹೆಚ್ಚು ದಿನ ಸುಖವಾಗಿದ್ದವು. ದೊಡ್ಡಕ್ಕ ಇವತ್ತಿಗೂ ಆ ಕಡವಿನಲ್ಲಿ ದುಡಿಯುತ್ತಿದ್ದಾಳೆ. ಈ ಮಳೆಗಾಲದಲ್ಲಿ ಅವಳಿಗೆ ಎರಡು ಹಲಗೆ ಹೊಸದಾಗಿ ಬಿದ್ದಿವೆ. ಅವಳು ಹೊರುವ ಎಮ್ಮೆಗಳು ಮಾತ್ರ ಅಂಬಿಗರ ಬಾಯಲ್ಲಿ ಈಗ ಹದಿನಾರು.